ಕೃಷಿ ಕೈ ಉಪಕರಣಗಳ ಮನೆಮಟ್ಟದ ದುರಸ್ತಿ: ಕಾವು, ಸಾಣೆ ಮತ್ತು ಹದ

ಪೀಠಿಕೆ

ಟ್ರ್ಯಾಕ್ಟರ್ ಮತ್ತು ಕಟಾವು ಯಂತ್ರಗಳ ಬಳಕೆ ಹೆಚ್ಚಿದ್ದರೂ ಕಳೆ ತೆಗೆಯುವುದು, ಬದು ಸರಿಪಡಿಸುವುದು, ಮೇವು ಕೊಯ್ಯುವುದು, ಗಿಡ ಸವರುವುದು ಮುಂತಾದ ಕೆಲಸಗಳು ಇಂದಿಗೂ ಗುದ್ದಲಿ, ಕುಡುಗೋಲು, ಮಚ್ಚು ಮತ್ತು ಕೊಡಲಿಗಳನ್ನೇ ಅವಲಂಬಿಸಿವೆ. ಮೊಂಡಾದ ಕುಡುಗೋಲು ಪೈರನ್ನು ಕತ್ತರಿಸದೆ ಎಳೆಯುತ್ತದೆ. ಇದರಿಂದ ಮಾಗಿದ ಕಾಳು ಉದುರುತ್ತದೆ, ಕೊಯ್ಯುವವರ ಮಣಿಕಟ್ಟು ಸೋಲುತ್ತದೆ. ಮೊಂಡು ಮಚ್ಚಿನಿಂದ ಸವರಿದ ಕೊಂಬೆ ಸೀಳಿ, ಆ ಗಾಯದ ಮೂಲಕ ರೋಗಾಣುಗಳು ಒಳಸೇರುತ್ತವೆ. ಸಡಿಲವಾದ ಕಾವಿನಿಂದ ಕಳಚಿ ಹಾರುವ ಕೊಡಲಿಯು ಪ್ರಾಣಕ್ಕೇ ಅಪಾಯಕಾರಿ.

ಉಪಕರಣಗಳು ಬೇಗ ಹಾಳಾಗಲು ಮುಖ್ಯವಾಗಿ ಮೂರು ಕಾರಣಗಳಿವೆ: ಹಸಿ ಮರದ ಕಾವು, ಸಾಣೆ ಹಿಡಿಯುವಾಗ ಅತಿಯಾಗಿ ಕಾದ ಬಾಯಿ ಮತ್ತು ತಪ್ಪು ಲೋಹದ ಆಯ್ಕೆ. ಈ ಮೂರನ್ನೂ ಹಂಗಾಮಿಗೆ ಮುನ್ನ ಕೆಲವೇ ಸಾಧನಗಳ ನೆರವಿನಿಂದ ಮನೆಯಲ್ಲಿಯೇ ತಡೆಯಬಹುದು.

ಅಗತ್ಯ ಸಾಧನಗಳು

ಗಟ್ಟಿಯಾಗಿ ಬಿಗಿದ ಹಿಡಿಕಟ್ಟು (ವೈಸ್), ಗರಗಸ, ಬಾಚಿ, ಉಳಿ, ಸುತ್ತಿಗೆ, ಚಪ್ಪಟೆ ಅರ, ಅರೆವೃತ್ತಾಕಾರದ ಅರ, ಎರಡು ಮುಖದ ಸಾಣೆಕಲ್ಲು, ಉಪ್ಪು ಕಾಗದ, ಕಣ್ಣಿನ ರಕ್ಷಣೆಗೆ ಕನ್ನಡಕ. ವಿದ್ಯುತ್ ಸಾಣೆಯಂತ್ರ ಇದ್ದರೆ ಅನುಕೂಲ. ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

1. ಕಾವಿಗೆ ಮರದ ಆಯ್ಕೆ

ಕಾವಿನ ಮರವು ಗಟ್ಟಿಯಾಗಿರುವುದರ ಜೊತೆಗೆ ಪೆಟ್ಟಿನ ಅದುರನ್ನು ತಾಳುವಂತಿರಬೇಕು. ದಿಂಡಿಗ, ತಡಸಲು ಮತ್ತು ಕರಿಜಾಲಿ ಇದಕ್ಕೆ ಸೂಕ್ತ. ಬಯಲುಸೀಮೆಯಲ್ಲಿ ಹೇರಳವಾಗಿರುವ ಬಳ್ಳಾರಿ ಜಾಲಿಯ ಮರವು ಒಣಗುವಾಗ ಕಡಿಮೆ ಕುಗ್ಗುತ್ತದೆ. ನೇರವಾದ ತುಂಡು ಸಿಗುವುದು ವಿರಳವಾದ್ದರಿಂದ ಕುಡುಗೋಲು, ಮಚ್ಚುಗಳ ಗಿಡ್ಡ ಹಿಡಿಗೆ ಬಳಸಬಹುದು. ನೀಲಗಿರಿಯು ಒಣಗುವಾಗ ತಿರುಚಿ ಸೀಳುವ ಸ್ವಭಾವದ್ದು. ಸಿಲ್ವರ್ ಓಕ್ ಮೃದುವಾದ್ದರಿಂದ ಕೊಡಲಿ, ಪಿಕಾಸಿಗಳಿಗೆ ಸಲ್ಲದು.

• ಮರದ ಎಳೆಗಳು ಕಾವಿನ ಉದ್ದಕ್ಕೂ ನೇರವಾಗಿ ಸಾಗಿರಬೇಕು. ಎಳೆಗಳು ಓರೆಯಾಗಿ ಅಂಚಿಗೆ ಬಂದು ಮುಗಿಯುವ ಜಾಗದಲ್ಲಿಯೇ ಕಾವು ಮುರಿಯುತ್ತದೆ. ಆದ್ದರಿಂದ ದಿಮ್ಮಿಯನ್ನು ಗರಗಸದಿಂದ ಕೊಯ್ಯುವುದಕ್ಕಿಂತ ಬೆಣೆ ಹೊಡೆದು ಸೀಳುವುದು ಉತ್ತಮ; ಸೀಳು ಎಳೆಯ ದಾರಿಯನ್ನೇ ಹಿಡಿಯುತ್ತದೆ.
• ಗಂಟು, ಬಿರುಕು, ಹುಳು ಕೊರೆದ ತೂತುಗಳಿರುವ ತುಂಡನ್ನು ಬಿಡಬೇಕು.
• ಮರ ಕಡಿಯುವ ಮುನ್ನ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅಡಿಯಲ್ಲಿ ಅನುಮತಿ ಬೇಕೇ ಎಂಬುದನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು.

2. ಮರವನ್ನು ಒಣಗಿಸುವುದು

ಹಸಿ ಮರವು ಒಣಗುತ್ತಾ ಕುಗ್ಗುತ್ತದೆ. ಹಸಿಯಾಗಿದ್ದಾಗ ಬಿಗಿಯಾಗಿ ಕೂರಿಸಿದ ಕಾವು ಕೆಲವೇ ವಾರಗಳಲ್ಲಿ ಸಡಿಲವಾಗುವುದಕ್ಕೆ ಇದೇ ಕಾರಣ. ಸೀಳಿದ ತುಂಡುಗಳ ಎರಡೂ ತುದಿಗಳಿಗೆ ಮೇಣ ಅಥವಾ ಹಳೆಯ ಬಣ್ಣ ಬಳಿದು, ನೆರಳಿನಲ್ಲಿ, ಗಾಳಿಯಾಡುವಂತೆ ನಡುವೆ ಪಟ್ಟಿಗಳನ್ನಿಟ್ಟು ಜೋಡಿಸಬೇಕು. ತುದಿಗಳ ಮೂಲಕ ತೇವಾಂಶ ಬಹುಬೇಗ ಹೊರಹೋಗುವುದರಿಂದ ಲೇಪನವಿಲ್ಲದಿದ್ದರೆ ಅಲ್ಲಿ ಬಿರುಕು ಬಿಡುತ್ತದೆ. ಬಿಸಿಲಿನಲ್ಲಿ ಒಣಗಿಸಬಾರದು. ಸಾಮಾನ್ಯವಾಗಿ ಕನಿಷ್ಠ 4ರಿಂದ 6 ತಿಂಗಳು ಬೇಕಾಗುತ್ತದೆ. ಪ್ರತಿ 15 ದಿನಗಳಿಗೊಮ್ಮೆ ಒಂದೇ ತುಂಡನ್ನು ತೂಗಿ ಬರೆದಿಡಬೇಕು. ತೂಕ ಇಳಿಯುವುದು ನಿಂತಾಗ ಮರ ಸಿದ್ಧವಾಗಿದೆ ಎಂದರ್ಥ.

3. ಕಾವು ಕೂರಿಸುವ ವಿಧಾನ

• ದಪ್ಪ: ಹಿಡಿಯುವ ಭಾಗ ಸುಮಾರು 3ರಿಂದ 4 ಸೆಂ.ಮೀ. ದಪ್ಪವಿರಬೇಕು. ಮುಷ್ಟಿ ಹಿಡಿದಾಗ ಹೆಬ್ಬೆರಳ ತುದಿ ತೋರುಬೆರಳ ತುದಿಯನ್ನು ಮುಟ್ಟುವಂತಿದ್ದರೆ ಹಿಡಿತ ಸರಿಯಾಗಿರುತ್ತದೆ. ಮಹಿಳೆಯರು ಬಳಸುವ ಉಪಕರಣಗಳಿಗೆ ಅವರ ಕೈ ಅಳತೆಗೇ ಕಾವು ಸಿದ್ಧಪಡಿಸಬೇಕು.
• ಪಿಕಾಸಿ ಮಾದರಿ: ಕಾವಿನ ದಪ್ಪ ತುದಿ ಮೇಲಿರುವಂತೆ ಕಣ್ಣಿನ ಮೂಲಕ ತೂರಿಸಬೇಕು. ಬೀಸಿದಷ್ಟೂ ಲೋಹವು ದಪ್ಪ ತುದಿಯ ಕಡೆಗೆ ಸರಿದು ಬಿಗಿಯಾಗುತ್ತದೆ.
• ಬೆಣೆ ಮಾದರಿ: ಸುತ್ತಿಗೆ ಮತ್ತು ಕೆಲವು ಕೊಡಲಿಗಳಲ್ಲಿ ಕಾವಿನ ತುದಿಯನ್ನು ಕಣ್ಣಿನ ಆಳದ ಮೂರನೇ ಎರಡು ಭಾಗದಷ್ಟು ಸೀಳಿ, ಒಣಗಿದ ಗಟ್ಟಿ ಮರದ ಬೆಣೆ ಹೊಡೆಯಬೇಕು.
• ಕೂರಿಸುವಾಗ ಕೊಡಲಿಯ ತಲೆಗೆ ಹೊಡೆಯಬಾರದು. ತಲೆ ಕೆಳಗಾಗಿ ತೂಗುವಂತೆ ಕಾವನ್ನು ನೆಟ್ಟಗೆ ಹಿಡಿದು, ಕಾವಿನ ಮೇಲ್ತುದಿಗೆ ಮರದ ಕೊಡತಿಯಿಂದ ಹೊಡೆದರೆ ತಲೆಯು ತನ್ನ ಭಾರದಿಂದಲೇ ಮೇಲೇರಿ ಬಿಗಿಯುತ್ತದೆ.
• ಕುಡುಗೋಲಿನ ಹಿಡಿ ಸೀಳದಂತೆ ಬಾಯಿಗೆ ಲೋಹದ ಬಳೆ ತೊಡಿಸಬೇಕು.

ಸಡಿಲವಾದ ಕಾವನ್ನು ನೀರಿನಲ್ಲಿ ನೆನೆಸುವ ರೂಢಿ ವ್ಯಾಪಕವಾಗಿದೆ. ನೆನೆದ ಮರ ಉಬ್ಬಿದಾಗ ಲೋಹದ ಕಣ್ಣು ಅದನ್ನು ಹಿಗ್ಗಲು ಬಿಡದ ಕಾರಣ ಎಳೆಗಳು ಜಜ್ಜಿಹೋಗುತ್ತವೆ; ಮತ್ತೆ ಒಣಗಿದಾಗ ಕಾವು ಮೊದಲಿಗಿಂತಲೂ ಹೆಚ್ಚು ಸಡಿಲವಾಗುತ್ತದೆ. ಬೆಣೆ ಬದಲಿಸುವುದೇ ಸರಿಯಾದ ಪರಿಹಾರ.

ಕೊನೆಯಲ್ಲಿ ಉಪ್ಪು ಕಾಗದದಿಂದ ಉಜ್ಜಿ, ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಮೂರು ಬಾರಿ ಸವರಬೇಕು. ಇದು ಗಾಳಿಯಲ್ಲಿ ಗಟ್ಟಿಯಾಗುವ ಎಣ್ಣೆ. ಕೊಬ್ಬರಿ ಎಣ್ಣೆ ಹಾಗೆ ಗಟ್ಟಿಯಾಗುವುದಿಲ್ಲ. ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅದನ್ನು ಬಯಲಿನಲ್ಲಿ ಹರವಿ ಒಣಗಿಸಬೇಕು. ಹುಲ್ಲಿನ ಬಣವೆ ಅಥವಾ ಕೊಟ್ಟಿಗೆಯ ಬಳಿ ಇಡಲೇಬಾರದು.

4. ಸಾಣೆ ಹಿಡಿಯುವುದು

• ಉಪಕರಣವನ್ನು ಹಿಡಿಕಟ್ಟಿನಲ್ಲಿ ಬಿಗಿದು, ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು. ಹಿಂದಕ್ಕೆ ತರುವಾಗ ಎತ್ತಬೇಕು. ಹಿಂದಕ್ಕೂ ಒತ್ತಿ ಉಜ್ಜಿದರೆ ಅರದ ಹಲ್ಲುಗಳೇ ಸವೆಯುತ್ತವೆ.
• ಬಾಯಿಯ ಮೂಲ ಇಳಿಜಾರನ್ನೇ ಅನುಸರಿಸಬೇಕು. ಕುಡುಗೋಲಿಗೆ ಸುಮಾರು 20 ಡಿಗ್ರಿ ಸಾಕು. ಕಲ್ಲು ಮಣ್ಣಿಗೆ ತಾಗುವ ಗುದ್ದಲಿಗೆ 30 ಡಿಗ್ರಿಗಿಂತ ಹೆಚ್ಚಿರಬೇಕು.
• ಕಕ್ಕು (ಹಲ್ಲು) ಇರುವ ಕುಡುಗೋಲನ್ನು ಸಾಣೆಯಂತ್ರಕ್ಕೆ ಒಡ್ಡಬಾರದು. ಸವೆದಾಗ ಕಮ್ಮಾರರಲ್ಲಿ ಹೊಸದಾಗಿ ಕಕ್ಕು ಹಾಕಿಸಬೇಕು.
• ಸಾಣೆಯಂತ್ರದಲ್ಲಿ ಹಗುರವಾಗಿ ತಾಗಿಸಿ, ಪದೇ ಪದೇ ನೀರಿನಲ್ಲಿ ಅದ್ದಬೇಕು. ಬಾಯಿ ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿನ ಉಕ್ಕು ಸುಮಾರು 300° ಸೆ. ತಲುಪಿ ಹದ ಕಳೆದುಕೊಂಡಿದೆ ಎಂದರ್ಥ. ಎಷ್ಟು ಮಸೆದರೂ ಆ ಭಾಗದ ಹರಿತ ನಿಲ್ಲುವುದಿಲ್ಲ.

5. ಲೋಹದ ಆಯ್ಕೆ ಮತ್ತು ಹದ

ಬಾಯಿ ಗಟ್ಟಿಯಾಗಬೇಕಾದರೆ ಉಕ್ಕಿನಲ್ಲಿ ಸಾಕಷ್ಟು ಇಂಗಾಲವಿರಬೇಕು. ಕಿಟಕಿ, ಬಾಗಿಲುಗಳಿಗೆ ಬಳಸುವ ಮೆದು ಉಕ್ಕಿನಲ್ಲಿ ಇಂಗಾಲ ಶೇ. 0.25ಕ್ಕಿಂತ ಕಡಿಮೆ, ಅದನ್ನು ಎಷ್ಟು ಕಾಯಿಸಿ ನೀರಿಗದ್ದಿದರೂ ಹರಿತ ನಿಲ್ಲುವಷ್ಟು ಗಟ್ಟಿಯಾಗದು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಲ್ಲಿ ಸುಮಾರು ಶೇ. 0.5ರಿಂದ 0.6ರಷ್ಟು ಇಂಗಾಲವಿರುವುದರಿಂದ ಮಚ್ಚು, ಕುಂಟೆಯ ತಾಳುಗಳಿಗೆ ಅದು ಯೋಗ್ಯ. ಸಾಣೆಗೆ ತಾಗಿಸಿದಾಗ ಮೆದು ಉಕ್ಕಿನಿಂದ ಉದ್ದನೆಯ, ಕವಲು ಕಡಿಮೆಯಿರುವ ಕಿಡಿಗಳು ಬರುತ್ತವೆ; ಇಂಗಾಲ ಹೆಚ್ಚಿದಷ್ಟೂ ಕಿಡಿಗಳು ಹೂವಿನಂತೆ ಕವಲೊಡೆಯುತ್ತವೆ.

ಹದ ಕೊಡುವುದು ಎರಡು ಹಂತದ ಕೆಲಸ. ಮೊದಲು, ಆಯಸ್ಕಾಂತವು ಅಂಟದಿರುವಷ್ಟು (ಸುಮಾರು 770° ಸೆ.ಗಿಂತ ಸ್ವಲ್ಪ ಹೆಚ್ಚು) ಕೆಂಪಗೆ ಕಾಯಿಸಿ ತಣಿಸಬೇಕು. ಸ್ಪ್ರಿಂಗ್ ಪಟ್ಟಿಯನ್ನು ನೀರಿನ ಬದಲು ಎಣ್ಣೆಯಲ್ಲಿ ತಣಿಸಿದರೆ ಬಿರುಕಿನ ಭಯ ಕಡಿಮೆ. ಈ ಹಂತದಲ್ಲಿ ಉಕ್ಕು ಗಾಜಿನಂತೆ ಪೆಡಸಾಗಿರುತ್ತದೆ. ಎರಡನೆಯದಾಗಿ, ಬಾಯಿಯನ್ನು ಉಜ್ಜಿ ಹೊಳಪು ತಂದು, ಬೆನ್ನಿನ ಕಡೆಯಿಂದ ನಿಧಾನವಾಗಿ ಕಾಯಿಸುತ್ತಾ ಬಣ್ಣವನ್ನು ಗಮನಿಸಬೇಕು:

• ಒಣಹುಲ್ಲಿನ ಹಳದಿ (ಸುಮಾರು 230° ಸೆ.) ಮತ್ತು ಕಂದು (ಸುಮಾರು 255° ಸೆ.): ಕುಡುಗೋಲು, ಚಾಕು
• ನೇರಳೆ (ಸುಮಾರು 280° ಸೆ.): ಕೊಡಲಿ, ಮಚ್ಚು, ಗುದ್ದಲಿ

ಬೇಕಾದ ಬಣ್ಣ ಬಾಯಿಗೆ ತಲುಪಿದೊಡನೆ ತಣಿಸಬೇಕು. ಕುಲುಮೆಯ ಅನುಭವವಿಲ್ಲದವರು ಈ ಕೆಲಸವನ್ನು ಕಮ್ಮಾರರಿಗೇ ಒಪ್ಪಿಸುವುದು ಕ್ಷೇಮ. ಆದರೆ ಯಾವ ಉಪಕರಣಕ್ಕೆ ಎಂತಹ ಹದ ಬೇಕೆಂಬುದು ರೈತರಿಗೆ ತಿಳಿದಿದ್ದರೆ ಕೇಳಿ ಮಾಡಿಸಿಕೊಳ್ಳಬಹುದು.

6. ಸಂಗ್ರಹಣೆ

ಬಳಸಿದ ನಂತರ ಮಣ್ಣು ತೊಳೆದು, ಒರೆಸಿ, ಹರಳೆಣ್ಣೆಯನ್ನು ತೆಳುವಾಗಿ ಸವರಿ ತೂಗುಹಾಕಬೇಕು. ಪೊಟ್ಯಾಷ್ ಹಾಗೂ ಇತರ ಗೊಬ್ಬರದ ಚೀಲಗಳ ಬಳಿ ಇಟ್ಟರೆ ಬೇಗ ತುಕ್ಕು ಹಿಡಿಯುತ್ತದೆ. ದಾಳಿಂಬೆ ಮುಂತಾದ ತೋಟಗಳಲ್ಲಿ ಸವರುವ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಶುದ್ಧೀಕರಿಸಿದಲ್ಲಿ, ದಿನದ ಕೊನೆಗೆ ನೀರಿನಲ್ಲಿ ತೊಳೆದು ಎಣ್ಣೆ ಸವರುವುದನ್ನು ಮರೆಯಬಾರದು. ಈ ದ್ರಾವಣ ಉಕ್ಕನ್ನು ತಿನ್ನುತ್ತದೆ.

7. ಸುರಕ್ಷತಾ ಕ್ರಮಗಳು

• ಸಾಣೆ ಹಿಡಿಯುವಾಗ ಕನ್ನಡಕ ಕಡ್ಡಾಯ. ಸಡಿಲ ಬಟ್ಟೆ, ಟವೆಲ್, ಸೆರಗು ಯಂತ್ರಕ್ಕೆ ಸಿಲುಕದಂತೆ ಕಟ್ಟಿಕೊಳ್ಳಬೇಕು.
• ಸಾಣೆಚಕ್ರದ ಮೇಲೆ ನಮೂದಿಸಿದ ವೇಗವು ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು. ಚಕ್ರ ಮತ್ತು ಆಧಾರ ಪಟ್ಟಿಯ ನಡುವಿನ ಅಂತರ 3 ಮಿ.ಮೀ. ಮೀರಬಾರದು. ಬಿರುಕುಬಿಟ್ಟ ಚಕ್ರವನ್ನು ಬಳಸಲೇಬಾರದು.
• ಸತುವಿನ ಲೇಪನವಿರುವ ಜಿ.ಐ. ಪೈಪು, ತಗಡುಗಳನ್ನು ಕುಲುಮೆಗೆ ಹಾಕಬಾರದು. ಅದರ ಹೊಗೆ ಸೇವಿಸಿದರೆ ಚಳಿಜ್ವರದಂತಹ ತೊಂದರೆ ಉಂಟಾಗುತ್ತದೆ.
• ತಣಿಸುವ ಎಣ್ಣೆಯನ್ನು ಲೋಹದ ಪಾತ್ರೆಯಲ್ಲಿಯೇ ಇಟ್ಟು, ಹೊತ್ತಿಕೊಂಡರೆ ಮುಚ್ಚಲು ಲೋಹದ ಮುಚ್ಚಳವನ್ನು ಹತ್ತಿರವಿಟ್ಟುಕೊಳ್ಳಬೇಕು. ಉರಿಯುವ ಎಣ್ಣೆಗೆ ನೀರು ಸುರಿಯಬಾರದು.
• ಗಾಯವಾದಲ್ಲಿ ಶುದ್ಧ ನೀರು ಮತ್ತು ಸಾಬೂನಿನಿಂದ ತೊಳೆದು, ಧನುರ್ವಾಯು ಲಸಿಕೆಯ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಮುಂಗಾರಿಗೆ ಮುನ್ನ ಏರ್ಪಡಿಸುವ ರೈತರ ತರಬೇತಿಗಳಲ್ಲಿ ಅರ ಹಿಡಿಯುವ ಕ್ರಮ ಹಾಗೂ ಬೆಣೆ ಬದಲಿಸುವ ವಿಧಾನವನ್ನು ಪ್ರಾತ್ಯಕ್ಷಿಕೆಯ ಮೂಲಕ ತೋರಿಸುವುದು ಸೂಕ್ತ. ಸಾಧ್ಯವಿದ್ದಲ್ಲಿ ಗ್ರಾಮದ ಕಮ್ಮಾರರು ಮತ್ತು ಬಡಗಿಗಳನ್ನೇ ಸಂಪನ್ಮೂಲ ವ್ಯಕ್ತಿಗಳನ್ನಾಗಿ ಆಹ್ವಾನಿಸಬೇಕು. ಕಾವು ಇಂದು ಸೀಳಿಟ್ಟರೆ ಆರು ತಿಂಗಳ ನಂತರವಷ್ಟೇ ಬಳಕೆಗೆ ಬರುವುದರಿಂದ, ಮುಂದಿನ ಮುಂಗಾರಿಗೆ ಬೇಕಾದ ಮರವನ್ನು ಸುಗ್ಗಿ ಮುಗಿಯುವ ಮೊದಲೇ ನೆರಳಿನಲ್ಲಿ ಜೋಡಿಸಿಡುವಂತೆ ರೈತ ಬಾಂಧವರಿಗೆ ತಿಳಿಸಬೇಕು. ಹೆಚ್ಚಿನ ಮಾಹಿತಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.