ಗಾಯದ ಸೊಪ್ಪಿನ ಹುಟ್ಟೂರು

ಬೆಂಗಳೂರಿನ ಯಲಹಂಕದ ಬಳಿ ಕೋಗಿಲು ಕ್ರಾಸಿನಿಂದ ಒಳಗೆ ಹೋದರೆ ಇನ್ನೂ ಮನೆ ಏಳದ ಸೈಟುಗಳಲ್ಲಿ, ಕಾಂಪೌಂಡಿನ ಬುಡದಲ್ಲಿ, ಮೋರಿಯ ಅಂಚಿನಲ್ಲಿ ಒಂದು ಗಿಡ ವರ್ಷವಿಡೀ ಹೂ ಬಿಡುತ್ತದೆ. ನೆಲಕ್ಕೆ ಒರಗಿದ ಕಾಂಡ, ಅದರ ತುಂಬ ಒರಟು ರೋಮ. ಉದ್ದನೆಯ ತೊಟ್ಟಿನ ತುದಿಗೆ ಹಳದಿ ಗುಂಡಿಯಂಥ ಹೂ. ಸುತ್ತ ಬಿಡಿಬಿಡಿಯಾಗಿ ಐದಾರು ಬೆಳ್ಳನೆಯ ಎಸಳು, ಒಂದೊಂದರ ತುದಿಯಲ್ಲೂ ಮೂರು ಹಲ್ಲು. ಅಟ್ಟಿಗೆ ಸೊಪ್ಪು, ಗಬ್ಬು ಶಾವಂತಿ, ಗಾಯದ ಸೊಪ್ಪು ಎಂದೆಲ್ಲ ಕರೆಯುವ ಇದಕ್ಕೆ ಸಸ್ಯಶಾಸ್ತ್ರದಲ್ಲಿ ಟ್ರೈಡಾಕ್ಸ್ ಪ್ರೊಕಂಬೆನ್ಸ್ ಎಂದು ಹೆಸರು. ಕುಡುಗೋಲು ತಾಗಿದರೆ, ಮುಳ್ಳು ಗೀರಿದರೆ ಎಲೆ ಕಿತ್ತು ಅಂಗೈಯಲ್ಲಿ ಹೊಸಕಿ, ರಸ ಹಿಂಡಿ, ಗಾಯದ ಮೇಲೆ ಬಟ್ಟೆ ಸುತ್ತುವುದು ಹೊಲಗೆಲಸದವರ ಹಳೆಯ ರೂಢಿ.

ಈ ಸೊಪ್ಪು ಸಾವಿರಾರು ವರ್ಷಗಳಿಂದ ಆಯುರ್ವೇದದಲ್ಲಿದೆ ಎಂಬ ಮಾತು ಮೂಲಿಕೆಗಳ ಬಗೆಗಿನ ಬರಹಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಯಾವ ಗ್ರಂಥ, ಯಾವ ಅಧ್ಯಾಯ ಎಂಬುದು ಮಾತ್ರ ಅಲ್ಲಿ ಇರುವುದಿಲ್ಲ. ಆ ಆಧಾರವನ್ನೇ ಹುಡುಕಲು ಹೊರಟೆ.

ಮೊದಲ ಸುಳಿವು ‘ಜಯಂತಿ’. ಇದೇ ಟ್ರೈಡಾಕ್ಸಿನ ಸಂಸ್ಕೃತ ಹೆಸರೆಂದು ಹಲವರು ಬರೆದಿದ್ದಾರೆ. ಆ ಹೆಸರಿನ ಜಾಡು ಹಿಡಿದರೆ ಸಿಗುವುದು ಸೆಸ್ಬೇನಿಯಾ ಎಂಬ, ಕಾಯಿ ಬಿಡುವ ದ್ವಿದಳ ಜಾತಿಯ ಪುಟ್ಟ ಮರ. ಎರಡನೆಯ ಸುಳಿವು ‘ಭೃಂಗರಾಜ’. ಅದು ನಮ್ಮ ಗರುಗದ ಸೊಪ್ಪು: ಗದ್ದೆಯ ಬದು, ಕೆರೆಯಂಚಿನ ತೇವದಲ್ಲಿ ಬೆಳೆಯುವಂಥದ್ದು, ತಲೆಗೆ ಹಚ್ಚುವ ಎಣ್ಣೆಗೆ ಹೆಸರಾದದ್ದು. ಟ್ರೈಡಾಕ್ಸಿಗೂ ಗರುಗಕ್ಕೂ ಸಸ್ಯ ಕುಟುಂಬ ಒಂದೇ. ಆದರೆ ಗರುಗವನ್ನು ಜಜ್ಜಿದರೆ ರಸ ಕಪ್ಪಾಗುತ್ತದೆ, ಹೂವೂ ಪೂರ್ತಿ ಬಿಳಿ. ಹೀಗೆ ಬೇರೆ ಗಿಡಗಳ ಕೀರ್ತಿ ಈ ಗಿಡದ ಲೆಕ್ಕಕ್ಕೆ ಜಮೆಯಾಗಿತ್ತು.

ಇನ್ನು ಉಳಿದದ್ದು ಸಸ್ಯಶಾಸ್ತ್ರದ ದಾಖಲೆ. 1753ರಲ್ಲಿ ಕಾರ್ಲ್ ಲಿನೇಯಸ್ ‘ಸ್ಪೀಶೀಸ್ ಪ್ಲಾಂಟಾರಮ್’ ಗ್ರಂಥದಲ್ಲಿ ಈ ಗಿಡಕ್ಕೆ ಹೆಸರಿಟ್ಟಾಗ ಅದರ ನೆಲೆಯೆಂದು ಬರೆದದ್ದು ಮೆಕ್ಸಿಕೊದ ವೆರಾಕ್ರೂಜ್. ಭಾರತದ ಎಷ್ಟೋ ಗಿಡಗಳು ಅದೇ ಪುಸ್ತಕದಲ್ಲಿವೆ, ಅವುಗಳಿಗೆ ಭಾರತವೇ ನೆಲೆಯೆಂದೂ ಇದೆ. ಜೋಸೆಫ್ ಹೂಕರ್ ಸಂಪಾದಿಸಿದ ‘ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ’ದ ಮೂರನೆಯ ಸಂಪುಟಕ್ಕೆ ಬಂದರೆ, 1881ರ ಹೊತ್ತಿಗೆ ಟ್ರೈಡಾಕ್ಸ್ ನಮ್ಮ ದೇಶದ ಸಸ್ಯಗಳ ಸಾಲಿಗೆ ಸೇರಿಕೊಂಡಿತ್ತು. ಬೀಜಕ್ಕೆ ಗರಿಯಂಥ ಕುಚ್ಚಿದೆ, ಗಾಳಿ ಬಂದರೆ ಸಾಕು ಹಾರಿ ಹೋಗುತ್ತದೆ. ನೆಲಕ್ಕೆ ತಾಗಿದ ಗೆಣ್ಣಿನಲ್ಲೂ ಬೇರು ಬಿಡುತ್ತದೆ. ಇಂಥ ಗಿಡಕ್ಕೆ ಊರೂರು ಹಬ್ಬಲು ಹೆಚ್ಚು ಕಾಲ ಬೇಡ.

ಅಮೆರಿಕ ಖಂಡದ ಗಿಡ ಕೊಲಂಬಸನಿಗಿಂತ ಮೊದಲು ಇಲ್ಲಿಗೆ ಬಂದಿರಲಾರದು. ಹಾಗಾದರೆ ಚರಕ, ಸುಶ್ರುತರಿಗೆ ಇದು ಗೊತ್ತಿರಲು ಸಾಧ್ಯವೇ ಇಲ್ಲ. ಇದರಿಂದ ಸೊಪ್ಪಿನ ಬೆಲೆ ಕುಗ್ಗಿತೆಂದು ನನಗೆ ಅನ್ನಿಸುವುದಿಲ್ಲ. ಗುರುತಿಲ್ಲದ ಒಂದು ಗಿಡ ಹೊಲದ ಬದಿಗೆ ಬಂತು. ದನ ಮೇಯಿಸುವವರು, ಕಳೆ ಕೀಳುವವರು, ಸೌದೆ ಕಡಿಯುವವರು ಅದನ್ನು ನೋಡಿದರು, ಹಚ್ಚಿ ನೋಡಿದರು, ಉಪಯೋಗ ಕಂಡಾಗ ಮಕ್ಕಳಿಗೂ ಹೇಳಿಕೊಟ್ಟರು. ಇದೇ ಕುಟುಂಬದ, ಅಮೆರಿಕದಿಂದಲೇ ಬಂದ ಕಾಂಗ್ರೆಸ್ ಗಿಡವನ್ನು ಅದೇ ಜನ ದೂರವಿಟ್ಟರು, ಅದು ಮೈಗೆ ತಾಗಿದರೆ ತುರಿಕೆ. ಬಂದದ್ದನ್ನೆಲ್ಲ ಅವರು ಕಣ್ಣುಮುಚ್ಚಿ ಒಪ್ಪಲಿಲ್ಲ ಎನ್ನಲು ಇದೇ ಸಾಕ್ಷಿ.

ಹೊಸದನ್ನು ಒಳಗೆ ಬಿಟ್ಟುಕೊಳ್ಳುವುದು ಶಾಸ್ತ್ರಕ್ಕೂ ಹೊಸತಲ್ಲ. 16ನೇ ಶತಮಾನದ ವೈದ್ಯ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ಪರಂಗಿಯವರೊಂದಿಗೆ ಬಂದ ಫಿರಂಗ ರೋಗವನ್ನು ಸೇರಿಸಿದ, ಅದಕ್ಕೆ ಮದ್ದಾಗಿ ಚೀನಾ ಕಡೆಯ ಚೋಪಚೀನಿ ಬೇರನ್ನೂ ಸೇರಿಸಿದ. ಅವನು ಪುಸ್ತಕದಲ್ಲಿ ಮಾಡಿದ ಕೆಲಸವನ್ನು ನಮ್ಮ ಹಳ್ಳಿಯವರು ಹೊಲದಲ್ಲಿ ಮಾಡಿದರು.

ಅವರ ಅನುಭವ ಪ್ರಯೋಗಾಲಯಕ್ಕೂ ಹೋಯಿತು. ಗಾಯ ಕೂಡಿಕೊಳ್ಳುವಾಗ ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಬಿಗಿದು ಗಟ್ಟಿ ಮಾಡುವ ಕಿಣ್ವಕ್ಕೆ ಲೈಸಿಲ್ ಆಕ್ಸಿಡೇಸ್ ಎಂದು ಹೆಸರು. ಮಣಿಪಾಲದ ಸಂಶೋಧಕರು 1991ರಲ್ಲಿ ‘ಪ್ಲಾಂಟಾ ಮೆಡಿಕಾ’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, ಟ್ರೈಡಾಕ್ಸಿನ ಸಾರದಿಂದ ಇಲಿಗಳಲ್ಲಿ ಈ ಕಿಣ್ವದ ಚಟುವಟಿಕೆ ಹೆಚ್ಚಿದ್ದನ್ನು ತೋರಿಸಿತು. ಇಲಿಯಲ್ಲಿ ಕಂಡದ್ದು ಮನುಷ್ಯರಿಗೂ ಹಾಗೇ ಅನ್ವಯಿಸುತ್ತದೆ ಎನ್ನುವಂತಿಲ್ಲ. ಆಳವಾದ ಗಾಯಕ್ಕೆ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಆಸ್ಪತ್ರೆಯೇ ಸರಿ. ಮೋರಿ ಬದಿಯ ಸೊಪ್ಪನ್ನಂತೂ ಯಾವ ಗಾಯಕ್ಕೂ ಹಚ್ಚಬಾರದು. ಕುತೂಹಲದ ಸಂಗತಿಯೆಂದರೆ ಮೆಕ್ಸಿಕೊದ ಜನಪದ ವೈದ್ಯದಲ್ಲೂ ಲೀಶ್ಮೇನಿಯಾಸಿಸ್ ಎಂಬ ರೋಗದ ಚರ್ಮದ ಹುಣ್ಣಿಗೆ ಈ ಗಿಡದ ಬಳಕೆಯಿದೆ.

ಕೋಗಿಲಿನಿಂದ ಯಲಹಂಕ ದಾಟಿ ಅಟ್ಟೂರಿನ ಕಡೆ ಹೋದರೆ ಜಾರಕಬಂಡೆ ಕಾವಲಿನ ಬಳಿ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನಕ್ಕೆಂದು ಹುಟ್ಟಿದ ಎಫ್‌ಆರ್‌ಎಲ್‌ಎಚ್‌ಟಿ ಇದೆ. 1993ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಔಷಧಿ ಗಿಡಗಳ ಒಣ ಮಾದರಿಗಳ ಸಂಗ್ರಹವಿದೆ. ಭಾರತದ ವೈದ್ಯ ಪರಂಪರೆಗೆ ಶಾಸ್ತ್ರದ ಹೊಳೆ, ಜನಪದದ ಹೊಳೆ ಎಂದು ಎರಡು ಧಾರೆಗಳಿವೆ ಎಂಬುದು ಅಲ್ಲಿನ ಕೆಲಸದ ಹಿಂದಿನ ತಿಳಿವಳಿಕೆ. ಗಾಯದ ಸೊಪ್ಪು ಎರಡನೆಯ ಧಾರೆಗೆ ಸೇರಿದ್ದು. ಅದಕ್ಕೆ ಇಲ್ಲದ ಶ್ಲೋಕವನ್ನು ಅಂಟಿಸಿದರೆ, ಅದನ್ನು ಕಂಡುಕೊಂಡವರ ಶ್ರಮವನ್ನು ಕಸಿದುಕೊಂಡಂತೆ.

2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ಸ್ಥಳೀಯ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆದಿಡಬೇಕು. ಹೊಲ ಬಡಾವಣೆಯಾದ ಮೇಲೂ ಗಿಡ ಉಳಿದುಕೊಳ್ಳುತ್ತದೆ, ಅದನ್ನು ಬಳಸುತ್ತಿದ್ದವರ ತಿಳಿವಳಿಕೆ ಉಳಿಯುವುದಿಲ್ಲ. ಯಾವ ಗಾಯಕ್ಕೆ, ಎಷ್ಟು ಎಲೆ, ಎಷ್ಟು ಹೊತ್ತು, ಯಾವಾಗ ಹಚ್ಚಬಾರದು ಎಂದು ಹೇಳಬಲ್ಲ ಹಿರಿಯರು ಕೋಗಿಲಿನಂಥ ಊರುಗಳಲ್ಲಿ ಇರುವಾಗಲೇ ಆ ದಾಖಲೆ ಆಗಬೇಕು.