ಕೊಲ್ಲಿ ನಾಡಿನ ಶಾಲೆಗಳಲ್ಲಿ ಹೆರಿಗೆ ರಜೆ: ಒಂದು ಚಾರಿತ್ರಿಕ ನೋಟ



ಕರಾವಳಿಯಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ಎಂದೊಡನೆ ಅಂಗಡಿ, ಹೋಟೆಲು, ಕಂಪೆನಿಗಳಲ್ಲಿ ಕೆಲಸ ಮಾಡಿದ ಗಂಡಸರೇ ನಮ್ಮ ನೆನಪಿಗೆ ಬರುತ್ತಾರೆ. ಬಿ.ಎಡ್. ಪದವಿ ಪಡೆದು ಅಲ್ಲಿನ ಶಾಲೆಗಳಲ್ಲಿ ಪಾಠ ಹೇಳಿದ ನಮ್ಮ ಸೋದರಿಯರ ಬಗ್ಗೆ ಬರೆದವರು ಕಡಿಮೆ. ಪರದೇಶದಲ್ಲಿ ದುಡಿಯುತ್ತಿರುವಾಗಲೇ ಉಪಾಧ್ಯಾಯಿನಿ ತಾಯಿಯಾದರೆ ಅವಳಿಗೆ ಎಷ್ಟು ದಿನ ರಜೆ? ಸಂಬಳ ಸಿಗುತ್ತದೆಯೇ? ಯಾವ ದೇಶದ ಕಾನೂನು ಅವಳಿಗೆ ಅನ್ವಯಿಸುತ್ತದೆ? ಈ ಪ್ರಶ್ನೆಗಳಿಗೂ ಒಂದು ಚರಿತ್ರೆಯಿದೆ. ಮುಂದೆ ಅಲ್ಲಿಗೆ ಹೋಗಲಿರುವ ವಿದ್ಯಾರ್ಥಿನಿಯರು ಅದನ್ನು ತಿಳಿದಿರುವುದು ಒಳ್ಳೆಯದು.

ಹೊರಗಿನಿಂದ ಬಂದ ಗುರುಗಳು

ಕೊಲ್ಲಿಯ ಆಧುನಿಕ ಶಿಕ್ಷಣವನ್ನು ಕಟ್ಟಿದವರಲ್ಲಿ ಹೊರದೇಶದ ಶಿಕ್ಷಕರ ಪಾಲು ದೊಡ್ಡದು. 1936ರಲ್ಲಿ ಪ್ಯಾಲೆಸ್ತೀನಿನ ಶಿಕ್ಷಕರು ಕುವೈತಿಗೆ ಬಂದರು. ಮರುವರ್ಷ ಅಲ್ಲಿ ಬಾಲಕಿಯರ ಶಾಲೆ ಆರಂಭವಾದಾಗ ಪಾಠ ಹೇಳಲು ಬಂದ ಶಿಕ್ಷಕಿಯರೂ ಪ್ಯಾಲೆಸ್ತೀನಿನವರೇ. ಭಾರತೀಯರು ಹೆಚ್ಚಿದಂತೆ ನಮ್ಮ ಪಠ್ಯಕ್ರಮದ ಶಾಲೆಗಳೂ ಹುಟ್ಟಿಕೊಂಡವು. ಬಹ್ರೈನಿನ ಇಂಡಿಯನ್ ಸ್ಕೂಲ್ 1950ರಲ್ಲಿ, ದುಬೈಯ ಇಂಡಿಯನ್ ಹೈಸ್ಕೂಲ್ 1961ರಲ್ಲಿ, ಮಸ್ಕತ್‌ನ ಇಂಡಿಯನ್ ಸ್ಕೂಲ್ 1975ರಲ್ಲಿ ಆರಂಭವಾದವು. ಇಂತಹ ಶಾಲೆಗಳ ಸಿಬ್ಬಂದಿಯಲ್ಲಿ ಮಹಿಳೆಯರೇ ಹೆಚ್ಚು. ಆದ್ದರಿಂದ ಹೆರಿಗೆ ರಜೆಯ ಪ್ರಶ್ನೆ ಅಲ್ಲಿ ಎಲ್ಲೋ ಒಬ್ಬಿಬ್ಬರದಲ್ಲ.

ಜಗತ್ತು ನಡೆದು ಬಂದ ದಾರಿ

ಶಿಕ್ಷಕಿ ತಾಯಿಯಾಗುವುದನ್ನು ಶ್ರೀಮಂತ ರಾಷ್ಟ್ರಗಳೂ ಬಹುಕಾಲ ಸಹಿಸಲಿಲ್ಲ. ಐರ್ಲೆಂಡಿನಲ್ಲಿ 1934ರಿಂದ 1958ರವರೆಗೆ, ಹೊಸದಾಗಿ ನೇಮಕಗೊಂಡ ಪ್ರಾಥಮಿಕ ಶಾಲಾ ಶಿಕ್ಷಕಿ ಮದುವೆಯಾದೊಡನೆ ಕೆಲಸ ಬಿಡಬೇಕಿತ್ತು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಶಾಲಾ ಮಂಡಳಿಯು ಗರ್ಭಿಣಿ ಶಿಕ್ಷಕಿಯನ್ನು ಹೆರಿಗೆಗೆ ಐದು ತಿಂಗಳು ಮೊದಲೇ ಸಂಬಳವಿಲ್ಲದೆ ಮನೆಗೆ ಕಳುಹಿಸುತ್ತಿತ್ತು. ಆ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟು ರದ್ದುಪಡಿಸಿದ್ದು 1974ರಲ್ಲಿ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಇದಕ್ಕೆ ಬಹಳ ಮೊದಲೇ, ಅಂದರೆ 1919ರಲ್ಲಿಯೇ, ಕೈಗಾರಿಕೆ ಮತ್ತು ವ್ಯಾಪಾರ ಕ್ಷೇತ್ರದ ಮಹಿಳೆಯರಿಗಾಗಿ ಹೆರಿಗೆ ಒಪ್ಪಂದವೊಂದನ್ನು ಅಂಗೀಕರಿಸಿತ್ತು. ಹೆರಿಗೆಗೆ ಮುಂಚೆ 6 ವಾರ, ನಂತರ 6 ವಾರ ರಜೆ ಎಂಬುದು ಅದರ ಸಾರ. ಮಹಿಳೆ ಯಾವ ದೇಶದವಳೇ ಆಗಿರಲಿ, ಈ ಹಕ್ಕು ಅವಳದು ಎಂದು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆಯಲಾಗಿತ್ತು. 1952ರ ಒಪ್ಪಂದ ಇನ್ನೂ ಹೆಚ್ಚಿನ ಉದ್ಯೋಗಗಳನ್ನು ಒಳಗೊಂಡಿತು. 2000ದಲ್ಲಿ ರಜೆಯ ಅವಧಿ 14 ವಾರಕ್ಕೇರಿತು. ಆದರೆ ಇಂತಹ ಒಪ್ಪಂದ ಅದನ್ನು ಸ್ಥಿರೀಕರಿಸಿದ ದೇಶಗಳನ್ನು ಮಾತ್ರ ಕಟ್ಟಿಹಾಕುತ್ತದೆ. ಉಳಿದೆಡೆ ನೆಲದ ಕಾನೂನೇ ಮಾತು.

ಕೊಲ್ಲಿಯ ಕಾನೂನುಗಳು

ಕುವೈತಿನ 1964ರ ಖಾಸಗಿ ವಲಯದ ಕಾರ್ಮಿಕ ಕಾನೂನು ಹೆರಿಗೆಗೆ ಮುಂಚೆ 30 ದಿನ, ನಂತರ 40 ದಿನ ಪೂರ್ಣ ಸಂಬಳದ ರಜೆ ನೀಡಿತು. ಬಾಣಂತಿಗೆ ನಲವತ್ತು ದಿನಗಳ ವಿಶ್ರಾಂತಿ ಬೇಕೆಂದು ನಮ್ಮ ಮನೆಯ ಹಿರಿಯರು ಹೇಳುವುದನ್ನು ಇಲ್ಲಿ ನೆನೆಯಬಹುದು. ಸೌದಿ ಅರೇಬಿಯದ 1969ರ ಕಾನೂನು ಹೆರಿಗೆಗೆ ಮುಂಚೆ 4 ವಾರ, ನಂತರ 6 ವಾರ ಎಂದಿತು. ಆದರೆ ಒಂದು ವರ್ಷ ಸೇವೆ ಮಾಡಿದವಳಿಗೆ ಅರ್ಧ ಸಂಬಳ, ಮೂರು ವರ್ಷ ಮಾಡಿದವಳಿಗೆ ಮಾತ್ರ ಪೂರ್ಣ ಸಂಬಳ. ಯು.ಎ.ಇ.ಯ 1980ರ ಕಾನೂನಿನಂತೆ ಒಟ್ಟು 45 ದಿನ ರಜೆ. ಒಂದು ವರ್ಷ ಸೇವೆಯಾಗಿದ್ದರೆ ಪೂರ್ಣ ಸಂಬಳ, ಇಲ್ಲದಿದ್ದರೆ ಅರ್ಧ.

ಓದುಗರು ಇಲ್ಲೊಂದು ಅಂಶವನ್ನು ಗಮನಿಸಬೇಕು. ಹೆರಿಗೆ ರಜೆಯ ಈ ಕಲಮುಗಳಲ್ಲಿ ಸ್ವದೇಶಿ, ವಿದೇಶಿ ಎಂಬ ಭೇದವಿರಲಿಲ್ಲ. ಆದರೂ ಸೇವಾವಧಿಯ ಷರತ್ತು ಹೆಚ್ಚಾಗಿ ತಟ್ಟಿದ್ದು ಪರದೇಶದಿಂದ ಬಂದವಳಿಗೆ. ಊರಿನಲ್ಲಿ ಹತ್ತು ವರ್ಷ ಪಾಠ ಹೇಳಿದ್ದರೂ ಅಲ್ಲಿ ಅವಳ ಲೆಕ್ಕ ಸೊನ್ನೆಯಿಂದಲೇ ಶುರು. ಶಾಲೆ ಬದಲಿಸಿದರೆ ಮತ್ತೆ ಸೊನ್ನೆ. ಏಪ್ರಿಲ್‌ನಲ್ಲಿ ಸೇರಿ ಡಿಸೆಂಬರ್‌ನಲ್ಲಿ ಹೆತ್ತವಳಿಗೆ ದುಬೈಯಲ್ಲಿ ಸಿಗುತ್ತಿದ್ದುದು ಅರ್ಧ ಸಂಬಳ.

ದಿನಗಳ ಲೆಕ್ಕವೂ ಅಷ್ಟೇ ಕಠಿಣ. ಬಾಣಂತನಕ್ಕೆ ತಾಯಿಯ ಮನೆಗೆ ಹೋಗುವುದು ನಮ್ಮಲ್ಲಿ ರೂಢಿ. ಗರ್ಭಕ್ಕೆ 36 ವಾರ ತುಂಬಿದ ಮೇಲೆ ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಪ್ರಯಾಣಕ್ಕೆ ಒಪ್ಪುವುದಿಲ್ಲ. ಹಾಗಾಗಿ ಅವಳು ಹೆರಿಗೆಗೆ ಸುಮಾರು 4 ವಾರ ಮೊದಲೇ ಹೊರಡಬೇಕು. 45 ದಿನಗಳಲ್ಲಿ 28 ದಿನ ಕಾಯುವುದರಲ್ಲೇ ಕಳೆದರೆ ಉಳಿಯುವುದು 17 ದಿನ. ಅಷ್ಟರಲ್ಲಿ ಮಗುವಿನ ಜನನ ಪತ್ರ, ಪಾಸ್‌ಪೋರ್ಟು, ವೀಸಾ ಎಲ್ಲವೂ ಆಗಬೇಕು. ಆಗದಿದ್ದರೆ ಸಂಬಳವಿಲ್ಲದ ರಜೆ, ಅದೂ ಸಿಗದಿದ್ದರೆ ರಾಜೀನಾಮೆ. ಕೆಲಸ ಬಿಟ್ಟರೆ, ಶಾಲೆಯೇ ಮಾಡಿಸಿಕೊಟ್ಟ ವೀಸಾ ಕೂಡ ಉಳಿಯದು.

ಬದಲಾದ ಕಾಲ

ಈಚಿನ ವರ್ಷಗಳಲ್ಲಿ ಈ ಮೆಟ್ಟಿಲುಗಳು ಒಂದೊಂದಾಗಿ ಸಡಿಲಗೊಂಡಿವೆ. ಕುವೈತಿನ 2010ರ ಕಾನೂನು 70 ದಿನಗಳ ಸಂಬಳದ ರಜೆಯನ್ನು ಉಳಿಸಿಕೊಂಡಿತು. ಅದರ ಮೇಲೆ ಸಂಬಳವಿಲ್ಲದ 4 ತಿಂಗಳ ರಜೆಗೂ ಅವಕಾಶ ಕೊಟ್ಟಿತು. ಸೌದಿ ಅರೇಬಿಯ 2015ರ ತಿದ್ದುಪಡಿಯಲ್ಲಿ ಸೇವಾವಧಿಯ ಷರತ್ತು ತೆಗೆದು 10 ವಾರಕ್ಕೂ ಪೂರ್ಣ ಸಂಬಳ ಕೊಟ್ಟಿತು. 2025ರಲ್ಲಿ ಅದನ್ನು 12 ವಾರಕ್ಕೆ ಏರಿಸಿತು. ಯು.ಎ.ಇ.ಯಲ್ಲಿ 2022ರ ಫೆಬ್ರವರಿಯಿಂದ ಜಾರಿಯಾದ ಕಾನೂನಿನಂತೆ ರಜೆ 60 ದಿನ. 45 ದಿನಕ್ಕೆ ಪೂರ್ಣ, 15 ದಿನಕ್ಕೆ ಅರ್ಧ ಸಂಬಳ. ಒಂದು ವರ್ಷದ ಷರತ್ತು ಇಲ್ಲವಾಯಿತು. ಗರ್ಭಿಣಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎಂದೂ ಆ ಕಾನೂನು ಸ್ಪಷ್ಟಪಡಿಸಿತು.

ಇವೆಲ್ಲಕ್ಕಿಂತ ಭಿನ್ನವಾದ ಹೆಜ್ಜೆ ಒಮಾನಿನದು. ಅಲ್ಲಿನ 2023ರ ಕಾನೂನು ರಜೆಯನ್ನು 98 ದಿನಕ್ಕೆ, ಅಂದರೆ ಅಂತರರಾಷ್ಟ್ರೀಯ ಮಟ್ಟದ 14 ವಾರಕ್ಕೆ ತಂದಿತು. ಮುಂದಿನ ವರ್ಷದ ಜುಲೈಯಿಂದ ಹೆರಿಗೆ ವಿಮೆ ಜಾರಿಗೆ ಬಂದು ವಿದೇಶಿ ಉದ್ಯೋಗಿಗಳನ್ನೂ ಒಳಗೊಂಡಿತು. ಮಾಲಕರೆಲ್ಲರೂ ಸಂಬಳದ ಒಂದು ಸಣ್ಣ ಪಾಲನ್ನು ನಿಧಿಗೆ ಕಟ್ಟುತ್ತಾರೆ, ರಜೆಯ ಭತ್ಯೆ ಆ ನಿಧಿಯಿಂದ ಬರುತ್ತದೆ. ಹೀಗಾಗಿ ರಜೆಯ ಸಂಬಳದ ಭಾರ ಒಂದೇ ಶಾಲೆಯ ಮೇಲೆ ಬೀಳುವುದಿಲ್ಲ. "ಇವಳನ್ನು ತೆಗೆದುಕೊಂಡರೆ ನಾಳೆ ರಜೆ ಕೇಳುತ್ತಾಳೆ" ಎಂದು ಸಂದರ್ಶನದಲ್ಲೇ ಹಿಂಜರಿಯುವುದಕ್ಕೆ ಒಂದು ಕಾರಣ ಕಡಿಮೆಯಾಯಿತು.

ವಿದ್ಯಾರ್ಥಿನಿಯರಿಗೆ ಒಂದು ಮಾತು

ಭಾರತದ 1961ರ ಹೆರಿಗೆ ಸೌಲಭ್ಯ ಕಾಯ್ದೆಯ 12 ವಾರ 2017ರಲ್ಲಿ 26 ವಾರವಾಯಿತು. ಇದನ್ನು ಕೇಳಿ, ಮಸ್ಕತ್‌ನಲ್ಲಿಯೂ ದಮ್ಮಾಮಿನಲ್ಲಿಯೂ ಅಷ್ಟೇ ಸಿಗುತ್ತದೆಂದು ತಿಳಿಯಬೇಡಿ. ಪಠ್ಯಕ್ರಮ ನಮ್ಮದಾಗಿದ್ದರೂ ರಜೆಯ ಕಾನೂನು ಆ ನೆಲದ್ದು. ಕಾನೂನು ಹೇಳಿದ್ದು ಕನಿಷ್ಠ ಮಟ್ಟ; ಶಾಲೆ ಅದಕ್ಕಿಂತ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ. ಆದ್ದರಿಂದ ಕರಾರು ಪತ್ರಕ್ಕೆ ಸಹಿ ಹಾಕುವ ಮೊದಲು ಓದಿರಿ. ರಜೆ ಎಷ್ಟು ದಿನ, ಸಂಬಳ ಎಷ್ಟು, ಬೇಸಿಗೆ ರಜೆಯಲ್ಲಿ ಹೆರಿಗೆಯಾದರೆ ದಿನಗಳ ಲೆಕ್ಕ ಹೇಗೆ, ವೀಸಾ ಶಾಲೆಯದೋ ಗಂಡನದೋ ಎಂದು ಕೇಳಿರಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಕೇಳಲು ನಾಚಿಕೆಪಡಬೇಕಾದ ವಿಷಯ ಇದಲ್ಲ.

ಹಿಂದಿನ ಪೀಳಿಗೆಯ ಎಷ್ಟೋ ಉಪಾಧ್ಯಾಯಿನಿಯರು ಎಳೆಗೂಸನ್ನು ಊರಿನಲ್ಲಿ ಅಜ್ಜಿಯ ಮಡಿಲಿಗೆ ಹಾಕಿ, ಬೇರೆಯವರ ಮಕ್ಕಳಿಗೆ ಅಕ್ಷರ ಕಲಿಸಲು ಮರಳಿ ಹೋದರು. ಇಂದು ಕಾನೂನು ನಿಮಗೆ ಅವರಿಗಿಂತ ಹೆಚ್ಚು ದಿನ ಕೊಟ್ಟಿದೆ. ಅದು ನಿಮ್ಮ ಕೈಗೆ ಸಿಗಬೇಕಾದರೆ ಮೊದಲು ನಿಮಗೆ ತಿಳಿದಿರಬೇಕು. ವಿದ್ಯೆ ಇರುವುದು ಇದಕ್ಕೂ ಹೌದಲ್ಲವೇ?