ಡೊಮೈನ್ ಅರ್ಜಿಯಲ್ಲಿ ತಾಂತ್ರಿಕ ಸೇವಾದಾರರ ಮೌಲ್ಯಮಾಪನ

ಇಂಟರ್ನೆಟ್ ವಿಳಾಸದ ಕೊನೆಯ ಚುಕ್ಕಿಯ ಆಚೆ ನಿಲ್ಲುವ ಹೆಸರಿಗೆ ಮೇಲ್ಮಟ್ಟದ ಡೊಮೈನ್ ಎಂದು ಹೆಸರು. ಅಂಥದ್ದೊಂದು ಹೊಸ ಹೆಸರಿಗಾಗಿ ಅರ್ಜಿ ಬಂದಾಗ, ಅದರ ಹಿಂದಿನ ಯಂತ್ರವ್ಯವಸ್ಥೆಯನ್ನು ನಡೆಸುವ ಕಂಪನಿಗೆ ಆ ಕೆಲಸ ಗೊತ್ತಿದೆಯೇ ಎಂದು ಪರೀಕ್ಷಿಸುವ ಕ್ರಮವೇ ತಾಂತ್ರಿಕ ಸೇವಾದಾರರ ಮೌಲ್ಯಮಾಪನ. ಜಗತ್ತಿನ ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ಸಮನ್ವಯಗೊಳಿಸುವ, 1998ರಲ್ಲಿ ಹುಟ್ಟಿದ ಐಕ್ಯಾನ್ ಸಂಸ್ಥೆ ಈ ಪರೀಕ್ಷೆ ನಡೆಸುತ್ತದೆ.

ಹೆಸರು ಕೇಳುವವರು ಒಬ್ಬರು, ಅದನ್ನು ನಡೆಸುವವರು ಇನ್ನೊಬ್ಬರು. ಒಂದು ನಗರವೋ ಬ್ಯಾಂಕೋ ಭಾಷಾ ಸಂಸ್ಥೆಯೋ ಅರ್ಜಿ ಹಾಕಬಹುದು. ಆದರೆ ದಿನದ ಇಪ್ಪತ್ನಾಲ್ಕು ಗಂಟೆಯೂ ಸರ್ವರ್ ಉತ್ತರ ಕೊಡುವಂತೆ ನೋಡಿಕೊಳ್ಳುವುದು ಹಿನ್ನೆಲೆಯ ಸೇವಾದಾರ ಕಂಪನಿ. ಅದರ ಮೇಲಿರುವ ಮುಖ್ಯ ಹೊಣೆಗಳು ಐದು: ಹೆಸರಿನ ಪ್ರಶ್ನೆಗೆ ಉತ್ತರ ಕೊಡುವುದು, ಆ ಉತ್ತರ ನಕಲಿಯಲ್ಲವೆಂದು ಡಿಜಿಟಲ್ ಸಹಿ ಹಾಕುವುದು, ಹೊಸ ನೋಂದಣಿಗಳನ್ನು ಸ್ವೀಕರಿಸುವುದು, ನೋಂದಣಿಯ ವಿವರ ಒದಗಿಸುವುದು, ಎಲ್ಲ ದತ್ತಾಂಶದ ಪ್ರತಿಯನ್ನು ಮೂರನೆಯವರಲ್ಲಿ ಠೇವಣಿ ಇಡುವುದು. ಮೊದಲನೆಯದಕ್ಕೆ ಐಕ್ಯಾನ್ ಜೊತೆಗಿನ ಒಪ್ಪಂದದಲ್ಲಿ ವಿನಾಯಿತಿಯೇ ಇಲ್ಲ. ನೂರಕ್ಕೆ ನೂರು ಲಭ್ಯತೆ ಬೇಕು. ವಾರದಲ್ಲಿ ನಾಲ್ಕು ಗಂಟೆ ಸ್ಥಗಿತಗೊಂಡರೆ ತುರ್ತು ನಿರ್ವಾಹಕರು ಬಂದು ಡೊಮೈನನ್ನು ವಹಿಸಿಕೊಳ್ಳಲು ಅವಕಾಶವಿದೆ. ಇದು ಕಾಗದದ ಮೇಲಿನ ಬೆದರಿಕೆಯಷ್ಟೇ ಅಲ್ಲ. 2017ರ ಡಿಸೆಂಬರ್‌ನಲ್ಲಿ ‘ಡಾಟ್ ವೆಡ್’ ಕುಸಿದಾಗ ಬ್ರಿಟನ್ನಿನ ನಾಮಿನೆಟ್ ಅದನ್ನು ಕೈಗೆತ್ತಿಕೊಂಡಿತು. ತುರ್ತು ವ್ಯವಸ್ಥೆ ಬಳಕೆಗೆ ಬಂದದ್ದು ಅದೇ ಮೊದಲು.

ತೊಡಕು ಎದ್ದದ್ದು ಹೊಸ ಹೆಸರುಗಳಿಗೆ ಅರ್ಜಿ ಕರೆದ 2012ರ ಸುತ್ತಿನಲ್ಲಿ. ಆಗ ಬಂದ ಅರ್ಜಿಗಳು 1,930. ಪ್ರತಿಯೊಂದಕ್ಕೂ ಶುಲ್ಕ 1,85,000 ಡಾಲರ್. ಡೋನಟ್ಸ್ ಎಂಬ ಒಂದೇ ಕಂಪನಿ 307 ಅರ್ಜಿ ಸಲ್ಲಿಸಿತ್ತು. ಇಷ್ಟೊಂದು ಅರ್ಜಿಗಳ ಹಿಂದೆ ಇದ್ದದ್ದು ಕೆಲವೇ ಸೇವಾದಾರರು. ಆದರೂ ಮೌಲ್ಯಮಾಪನ ನಡೆದದ್ದು ಅರ್ಜಿಯ ಲೆಕ್ಕದಲ್ಲಿ. ಒಂದೇ ಕಂಪನಿಯ ಒಂದೇ ಯಂತ್ರವ್ಯವಸ್ಥೆಯನ್ನು, ಅದೇ ಪ್ರಶ್ನೆಗಳಿಂದ, ಹೆಸರು ಬದಲಾದಂತೆಲ್ಲ ಮತ್ತೆ ಮತ್ತೆ ಪರೀಕ್ಷಿಸಿದರು. ಸಮಯವೂ ಹಣವೂ ವ್ಯರ್ಥವಾದವು, ಸುರಕ್ಷತೆಯೇನೂ ಹೆಚ್ಚಲಿಲ್ಲ. ಹೆಚ್ಚು ಪೆಟ್ಟು ಬಿದ್ದದ್ದು ಸಣ್ಣ ಅರ್ಜಿದಾರರಿಗೆ: ತಾವು ನಡೆಸದ ಯಂತ್ರಗಳ ಬಗೆಗಿನ ತಾಂತ್ರಿಕ ಪ್ರಶ್ನೆಗಳಿಗೆ ತಾವೇ ಉತ್ತರ ಹೊಂದಿಸಬೇಕಾಯಿತು.

ಪರಿಹಾರ ಸರಳವಾಗಿಯೇ ಇತ್ತು, ಒಪ್ಪಿಗೆ ಸಿಗಲು ವರ್ಷಗಳು ಹಿಡಿದವು. ಸೇವಾದಾರರನ್ನು ಅರ್ಜಿಯಿಂದ ಬೇರ್ಪಡಿಸಿ ಮೊದಲೇ ಒಮ್ಮೆ ಪರೀಕ್ಷಿಸಬೇಕೆಂಬ ಶಿಫಾರಸು 2021ರಲ್ಲಿ ಅಂತಿಮ ರೂಪ ಪಡೆಯಿತು. ಐಕ್ಯಾನ್ ಆ ಶಿಫಾರಸುಗಳ ಬಹುಪಾಲನ್ನು 2023ರ ಮಾರ್ಚ್‌ನಲ್ಲಿ ಅಂಗೀಕರಿಸಿತು. 2024ರ ನವೆಂಬರ್ 19ರಿಂದ 2025ರ ಮೇ 20ರವರೆಗೆ ಸೇವಾದಾರರಿಂದ ಅರ್ಜಿ ಪಡೆದರು. ಶುಲ್ಕ 92,000 ಡಾಲರ್. ಲಿಖಿತ ಉತ್ತರ, ಪರಿಶೀಲಕರ ಮರುಪ್ರಶ್ನೆ, ಕೊನೆಗೆ ಯಂತ್ರವ್ಯವಸ್ಥೆಯ ಮೇಲೆ ನೇರ ಪರೀಕ್ಷೆ. ಉತ್ತೀರ್ಣರಾದವರ ಪಟ್ಟಿಯಿಂದ ಅರ್ಜಿದಾರರು ಒಬ್ಬರನ್ನು ಆರಿಸಿಕೊಂಡರೆ ಸಾಕು. ಹೊಸ ಸುತ್ತಿಗೆ 2026ರ ಏಪ್ರಿಲ್ 30ರಿಂದ ಆಗಸ್ಟ್ 12ರ ಅವಧಿ ನಿಗದಿಯಾಗಿದ್ದು, ಒಂದು ಅರ್ಜಿಯ ಶುಲ್ಕ 2,27,000 ಡಾಲರ್.

ದೇಶದ ಹೆಸರಿನ ಡೊಮೈನ್‌ಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ‘ಡಾಟ್ ಇನ್’ ಮತ್ತು ಕನ್ನಡದ ‘.ಭಾರತ’ ಎರಡರ ಹೊಣೆಯೂ 2003ರಲ್ಲಿ ಸ್ಥಾಪನೆಯಾದ ನಿಕ್ಸಿ ಸಂಸ್ಥೆಯದು. ಸೇವಾದಾರರನ್ನು ಅದು ತಾನೇ ಆರಿಸುತ್ತದೆ. 2005ರಿಂದ ಅಫಿಲಿಯಾಸ್, ಆಮೇಲೆ ನ್ಯೂಸ್ಟಾರ್, 2020ರಲ್ಲಿ ನ್ಯೂಸ್ಟಾರ್‌ನ ಆ ವಿಭಾಗವನ್ನು ಕೊಂಡ ಗೋಡ್ಯಾಡಿ, 2025ರಲ್ಲಿ ಟೂಕೌಸ್ ಹೀಗೆ ಕೈ ಬದಲಾಗಿದೆ. 2019ರಲ್ಲಿ ಅಫಿಲಿಯಾಸ್‌ನಿಂದ ನ್ಯೂಸ್ಟಾರ್‌ಗೆ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಹೆಸರುಗಳು ವರ್ಗವಾದವು. ಸೇವಾದಾರರನ್ನು ಮೊದಲೇ ಅಳೆದು ತೂಗುವುದು ಎಷ್ಟು ಅಗತ್ಯ ಎಂಬುದಕ್ಕೆ ನಮ್ಮ ನೆಲದ ಸಾಕ್ಷ್ಯ ಇದು.

ಕನ್ನಡಿಗರು ಹೆಚ್ಚು ಗಮನ ಕೊಡಬೇಕಾದ ಭಾಗ ಲಿಪಿಯದು. ಎಲ್ಲ ಮೇಲ್ಮಟ್ಟದ ಡೊಮೈನ್ ಹೆಸರುಗಳ ಪಟ್ಟಿಯಾದ ಮೂಲ ವಲಯಕ್ಕೆ ಕನ್ನಡ ಅಕ್ಷರಗಳು ನೇರವಾಗಿ ಹೋಗುವುದಿಲ್ಲ. ರೋಮನ್ ಅಕ್ಷರಗಳ ಸಂಕೇತಸರಣಿಯಾಗಿ ಮಾರ್ಪಟ್ಟು ಹೋಗುತ್ತವೆ. ಯಾವ ಅಕ್ಷರ, ಯಾವ ಜೋಡಣೆ ಸಲ್ಲುತ್ತದೆ ಎಂಬ ನಿಯಮಾವಳಿಯನ್ನು ಒಂಬತ್ತು ಭಾರತೀಯ ಲಿಪಿಗಳಿಗಾಗಿ ರಚಿತವಾದ ನವಬ್ರಾಹ್ಮಿ ಸಮಿತಿ ರೂಪಿಸಿತು. ಕನ್ನಡದ ನಿಯಮಗಳು 2019ರ ಜುಲೈಯಲ್ಲಿ ಮೂಲ ವಲಯದ ನಿಯಮಾವಳಿಗೆ ಸೇರಿದವು. ಆ ಮಟ್ಟದಲ್ಲಿ ಅಂಕೆಗಳಿಗೆ ಪ್ರವೇಶವಿಲ್ಲ. ಅಕ್ಷರಗಳನ್ನು ಜೋಡಿಸುವ, ಬೇರ್ಪಡಿಸುವ ಕಣ್ಣಿಗೆ ಕಾಣದ ಚಿಹ್ನೆಗಳೂ ಸಲ್ಲವು. ಹೀಗಾಗಿ ನಡುವೆ ಅಂಥ ಚಿಹ್ನೆಯಿರುವ ‘ಸಾಫ್ಟ್‌ವೇರ್’ ಎಂಬ ಪದವನ್ನು ಪತ್ರಿಕೆಗಳಲ್ಲಿ ಬರೆಯುವ ರೂಪದಲ್ಲೇ ಮೇಲ್ಮಟ್ಟದ ಡೊಮೈನ್ ಆಗಿಸಲಾಗದು. ‘ರ್‍ಯಾಂಕ್’ ಪದದ್ದೂ ಅದೇ ಪಾಡು.

ತೆಲುಗು ಲಿಪಿಯೊಂದಿಗಿನ ಹೋಲಿಕೆ ಇನ್ನೂ ಸೂಕ್ಷ್ಮ. ‘ಜಲ’ ಎಂದು ಎರಡೂ ಲಿಪಿಯಲ್ಲಿ ಬರೆದು ಪಕ್ಕಪಕ್ಕ ಇಟ್ಟರೆ ಓದುಗರ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ, ಕಂಪ್ಯೂಟರಿಗೆ ಮಾತ್ರ ಅವು ಪೂರ್ತಿ ಬೇರೆ. ಇಂಥ ಜೋಡಿಗಳಲ್ಲಿ ಒಂದನ್ನು ಕೊಟ್ಟರೆ ಇನ್ನೊಂದನ್ನು ತಡೆಹಿಡಿಯಬೇಕು, ಇಲ್ಲವಾದರೆ ವಂಚಕರಿಗೆ ಬಾಗಿಲು ತೆರೆದಂತೆ. ತೆಲಂಗಾಣಕ್ಕೆ ತಾಗಿದ ಯಾದಗಿರಿ ಜಿಲ್ಲೆಯಲ್ಲಿ ಎರಡೂ ಲಿಪಿಗಳ ಫಲಕ ಕಾಣುವ ಜನರಿಗೆ ಈ ಅಪಾಯ ವಿವರಿಸಬೇಕಾಗಿಲ್ಲ.

ಕನ್ನಡ ಲಿಪಿಯ ವಿಳಾಸ ಏಕೆ ಬೇಕು ಎಂಬುದಕ್ಕೆ ಆ ಜಿಲ್ಲೆಯ ಸುರಪುರದ ಹೆಸರನ್ನೇ ನೋಡಬಹುದು. ಅಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಇಂಗ್ಲಿಷಿನಲ್ಲಿ ಶೋರಾಪೂರ್ ಎಂದು ಬರೆದ. ವಿಧಾನಸಭಾ ಕ್ಷೇತ್ರದ ಇಂಗ್ಲಿಷ್ ಹೆಸರು ಈಗಲೂ ಶೋರಾಪುರ್. ಬೇರೆ ಕಡೆ ಸುರ್ಪುರ್ ಎಂದಿರುತ್ತದೆ. ರೋಮನ್ ಲಿಪಿಯಲ್ಲಿ ಊರಿನ ವಿಳಾಸ ಹುಡುಕುವವರು ಊಹಿಸಬೇಕು. ಕನ್ನಡದಲ್ಲಿ ‘ಸುರಪುರ’ ಎಂಬುದೇ ರೂಢಿಯ ರೂಪ.

2012ರ ಸುತ್ತಿನಿಂದ ಕನ್ನಡ ಲಿಪಿಯ ಯಾವ ಹೆಸರೂ ಬರಲಿಲ್ಲ, ‘.ಭಾರತ’ ಬಂದದ್ದು ದೇಶಗಳಿಗಿರುವ ಬೇರೆ ದಾರಿಯಿಂದ. ಮುಂದೆ ಕನ್ನಡದ ಸಂಸ್ಥೆಯೊಂದು ಅರ್ಜಿ ಹಾಕುವುದಾದರೆ, ಸೇವಾದಾರರು ಉತ್ತೀರ್ಣರಾಗಿದ್ದಾರೆ ಎಂಬಷ್ಟಕ್ಕೇ ತೃಪ್ತಿಪಡಬಾರದು. ನೋಂದಣಿಗೆ ಸಲ್ಲುವ ಕನ್ನಡ ಅಕ್ಷರಗಳ ಕೋಷ್ಟಕವನ್ನು ಪರೀಕ್ಷೆಗೆ ಒಡ್ಡಿದ್ದಾರೆಯೇ, ಐಕ್ಯಾನ್ ಕನ್ನಡಕ್ಕಾಗಿ ಸಿದ್ಧಪಡಿಸಿದ ಮಾದರಿ ನಿಯಮಾವಳಿಗೆ ಅದು ಹೊಂದುತ್ತದೆಯೇ ಎಂದು ಒಪ್ಪಂದಕ್ಕೆ ಮೊದಲೇ ಲಿಖಿತವಾಗಿ ಕೇಳಿ ಪಡೆಯಬೇಕು.